ಎಮ್ಮಿ ಅಂದ್ರ ಬೈಗುಳ ಅಲ್ರೀ!

ಕಳೆದ ಸೆಮಿಸ್ಟರ್‌ನ ಮಾತು. ಲ್ಯಾಬ್‌ಗೆ ಲೇಟಾಗಿ ಬಂದ ಗೆಳೆಯನಿಗೆ ನಾವೆಲ್ಲ "ಏ ಎಮ್ಮಿ, ಲಗೂ ಬಾರಲೇ" ಅಂತ ಕೂಗಿದ್ವಿ. ಅವ ಸಿಟ್ಟಾಗಲಿಲ್ಲ. ಬ್ಯಾಗ್ ಇಟ್ಟು, "ನಮ್ಮ ಮನ್ಯಾಗ ನಾಕು ಎಮ್ಮಿ ಅದಾವು. ಆ ಹಾಲಿನ ರೊಕ್ಕದಾಗ ನನ್ನ ಫೀ ಕಟ್ಟ್ಯಾರ. ಎಮ್ಮಿ ಎಂದೂ ಲೇಟ್ ಮಾಡಂಗಿಲ್ಲ, ಲೇಟ್ ಮಾಡಾವ್ರು ನಾವು" ಅಂದ. ಎಲ್ಲರೂ ಸುಮ್ಮನಾದ್ವಿ.

ನೀವೂ ಯೋಚನೆ ಮಾಡಿ ನೋಡಿ. ನಿಧಾನ ಇದ್ದವರು ಎಮ್ಮೆ, ದಪ್ಪ ಇದ್ದವರು ಎಮ್ಮೆ, ಕಪ್ಪಗಿದ್ದವರೂ ಎಮ್ಮೆ. ಎಷ್ಟು ಬೈದ್ರೂ ತಟ್ಟದವರದು ‘ಎಮ್ಮೆ ಚರ್ಮ’. ಹೇಳಿದ್ದು ತಲೆಗೆ ಹೋಗದಿದ್ರೆ ‘ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ’. ಹಾಲು ಮಾತ್ರ ಗಟ್ಟಿ ಇರಬೇಕು, ಎಮ್ಮೆದೇ ಬೇಕು!

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಬಫೆಲೋ’ ಸ್ಪೆಲ್ಲಿಂಗ್ ಬಾಯಿಪಾಠ. ‘ಎಮ್ಮೆ’ ಎಲ್ಲಿಂದ ಬಂತು ಅನ್ನೋದು ಗೊತ್ತಿರಲಿಲ್ಲ. ನಿಘಂಟು ತೆಗೆದು ನೋಡಿದ್ವಿ. ತಮಿಳಿನಲ್ಲಿ ಎರುಮೈ, ಮಲಯಾಳದಲ್ಲಿ ಎರುಮ, ತುಳುವಿನಲ್ಲಿ ಎರ್ಮೆ. ಕನ್ನಡದಲ್ಲಿ ಆ ರಕಾರ ಮುಂದಿನ ಮಕಾರದೊಳಗೆ ಕರಗಿ ‘ಎಮ್ಮೆ’ ಆಗಿದೆ. ಇದು ಒಂದೇ ಪದದ ಕಥೆ ಅಲ್ಲ. ಹಳಗನ್ನಡದ ‘ಒರ್ಮೆ’ ಇವತ್ತಿನ ‘ಒಮ್ಮೆ’. ‘ಪೆರ್ಮೆ’ ಇವತ್ತಿನ ‘ಹೆಮ್ಮೆ’. ಅಂದ್ರೆ ಎಮ್ಮೆ ಮತ್ತು ಹೆಮ್ಮೆ ಎರಡರ ಅರ್ಥ ಬೇರೆ, ನಡೆದು ಬಂದ ದಾರಿ ಒಂದೇ. ರಾಜ್ಯೋತ್ಸವದ ದಿನ ‘ಕನ್ನಡಿಗನೆಂಬ ಎಮ್ಮೆ ನನಗಿದೆ’ ಅಂತ ಸ್ಟೇಟಸ್ ಹಾಕಿದವರನ್ನು ನೋಡಿ ನಗ್ತೀವಲ್ಲ, ಇನ್ನು ಮುಂದೆ ಸ್ವಲ್ಪ ಕಡಿಮೆ ನಗೋಣ.

ಸಂಸ್ಕೃತದ ‘ಮಹಿಷ’ ಇನ್ನೂ ಮಜಾ ಇದೆ. ವೇದಗಳ ಕಾಲದಲ್ಲಿ ಅದಕ್ಕೆ ದೊಡ್ಡದು, ಬಲಶಾಲಿ ಅನ್ನೋ ಅರ್ಥ ಇತ್ತು. ‘ಮಹಿಷಿ’ ಅಂದ್ರೆ ಎಮ್ಮೆಯೂ ಹೌದು, ಪಟ್ಟದ ರಾಣಿಯೂ ಹೌದು. ಹಿಂದಿಯ ಭೈಂಸ್, ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಿವಿಗೆ ಬೀಳೋ ಮರಾಠಿಯ ಮ್ಹೈಸ್ ಎರಡೂ ಅದೇ ಮನೆತನದವು. ಮೈಸೂರಿನ ಹೆಸರಿನಲ್ಲೂ ಮಹಿಷ ಇದ್ದಾನೆ.

ನಮ್ಮೂರಿಗೇ ಬರೋಣ. ‘ಧಾರವಾಡಿ’ ಅನ್ನೋದು ಒಂದು ಎಮ್ಮೆ ತಳಿಯ ಅಧಿಕೃತ ಹೆಸರು. 2021ರಲ್ಲಿ ಅದಕ್ಕೆ ದೇಶದ ಮಟ್ಟದಲ್ಲಿ ಪ್ರತ್ಯೇಕ ತಳಿ ಅಂತ ಮಾನ್ಯತೆ ಸಿಕ್ಕಿತು. ಅದರ ಹಿಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೆಲಸ ಇದೆ. ಊರಿಗೆ ಹೋಗುವಾಗ ನಾವು ಕಟ್ಟಿಸಿಕೊಂಡು ಹೋಗೋ, ಜಿಐ ಟ್ಯಾಗ್ ಇರೋ ಪೇಡಾದ ಹಿಂದೆಯೂ ಗವಳಿಗರ ಈ ಎಮ್ಮೆಗಳಿವೆ. ಪೇಡಾ ನಮ್ಮ ಹೆಮ್ಮೆ, ಎಮ್ಮೆ ನಮ್ಮ ಬೈಗುಳ. ಇದ್ಯಾವ ಲೆಕ್ಕ?

ಪದಗಳು ತಾವಾಗಿ ಕೆಡೋದಿಲ್ಲ, ಬಳಸುವವರು ಕೆಡಿಸ್ತಾರೆ. ಒಂದು ಪ್ರಾಣಿಯ ಹೆಸರನ್ನು ಬೈಗುಳ ಮಾಡಿದಾಗ ಅದನ್ನು ಸಾಕಿ ಬದುಕೋ ಮನೆಗಳನ್ನೂ ಬೈದ ಹಾಗೇ. ಅಂಥ ಮನೆಗಳಿಂದ ಬಂದವರು ನಮ್ಮ ಬೆಂಚಿನಲ್ಲೇ ಕೂತಿರ್ತಾರೆ. ಎಷ್ಟೋ ಜನ ಮನೆಯಲ್ಲಿ ಎಮ್ಮೆ ಇದೆ ಅಂತ ಹೇಳೋಕೇ ಹಿಂಜರೀತಾರೆ. ಆ ಹಿಂಜರಿಕೆ ನಾವು ಕೊಟ್ಟದ್ದು.

ಗೆಳೆಯನಿಗೆ ಸಾರಿ ಹೇಳಿದ್ವಿ. "ನನಗ್ಯಾಕ, ಊರಿಗೆ ಬಂದು ಎಮ್ಮಿಗೆ ಹೇಳ್ರಿ" ಅಂದ. ದಸರಾ ರಜೆಗೆ ಹೊರಟಿದ್ದೇವೆ.