ಹರಿಯುವ ಉಕ್ಕಿನ ಕೊಳೆ

ಸಕ್ಕರೆಯ ಪಾಕ ಕುದಿಯುವಾಗ ಒಂದು ಚಮಚ ಹಾಲು ಬೆರೆಸಿದರೆ ಕೊಳೆಯೆಲ್ಲ ಒಟ್ಟುಗೂಡಿ ನೊರೆಯಾಗಿ ಮೇಲೇಳುತ್ತದೆ. ಅದನ್ನು ಸೌಟಿನಿಂದ ತೆಗೆದುಬಿಡುವುದು ಗೃಹಿಣಿಯರು ಬಲ್ಲ ವಿದ್ಯೆ. ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಆದರೆ ಅಲ್ಲಿ ಪಾಕದ ಉಷ್ಣತೆ ಸುಮಾರು 1,600 ಡಿಗ್ರಿ ಸೆಂಟಿಗ್ರೇಡ್. ಸಾಲದುದಕ್ಕೆ, ನಿರಂತರ ಎರಕದಲ್ಲಿ ಅದು ನಿಲ್ಲದೆ ಹರಿಯುತ್ತಲೇ ಇರುತ್ತದೆ.

ಕಬ್ಬಿಣದೊಳಗಿನ ಇಂಗಾಲವನ್ನು ಸುಡಲು ಆಮ್ಲಜನಕವನ್ನು ಊದುತ್ತಾರೆ. ಕೆಲಸ ಮುಗಿದ ಮೇಲೂ ಅದರ ಒಂದಂಶ ಉಕ್ಕಿನಲ್ಲಿ ಕರಗಿ ಉಳಿಯುತ್ತದೆ. ಅದನ್ನು ನಿವಾರಿಸಲು ಅಲ್ಯೂಮಿನಿಯಂ ಬೆರೆಸಿದರೆ ಎರಡೂ ಕೂಡಿ ಅಲ್ಯೂಮಿನ ಹುಟ್ಟುತ್ತದೆ. ಇದು ಕರಗಲು 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಆದುದರಿಂದ ದ್ರವದಲ್ಲಿ ಗಟ್ಟಿ ಕಣಗಳಾಗಿಯೇ ಉಳಿಯುತ್ತದೆ. ತೊಳೆಯಬಂದದ್ದೇ ಹೊಸ ಕೊಳೆಯಾಯಿತು!

ಒಂದಿಷ್ಟು ಧೂಳು ತಾನೆ ಎಂದು ಸುಮ್ಮನಿರುವಂತಿಲ್ಲ. ಗಾಲಿಯ ಬೇರಿಂಗಿನಲ್ಲಿ ಇಂಥ ಕಣವಿದ್ದೆಡೆಯಿಂದಲೇ ಬಿರುಕು ಮೊದಲಾಗಬಹುದು. ಟೈರಿನೊಳಗೆ ಹೆಣೆಯುವ ಸಣ್ಣ ತಂತಿಯನ್ನು ಎಳೆಯುವಾಗ ಅದು ಪಟಕ್ಕನೆ ತುಂಡಾಗಬಹುದು.

ಅಲ್ಯೂಮಿನ ಉಕ್ಕಿಗಿಂತ ಹಗುರ. ಬಿಟ್ಟರೆ ತಾನಾಗಿಯೇ ಮೇಲೇರುತ್ತದೆ. ಆದರೆ ಬಿಡಲು ಹೊತ್ತೆಲ್ಲಿದೆ? ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಗಾತ್ರದ ಕಣವು ನಿಶ್ಚಲವಾದ ಉಕ್ಕಿನಲ್ಲಿ ಒಂದು ಮೀಟರು ಏರಲು ಸುಮಾರು 6 ನಿಮಿಷ ಸಾಕು. ಗಾತ್ರ ಹತ್ತು ಪಟ್ಟು ಕಿರಿದಾದರೆ ಕಾಲ ನೂರು ಪಟ್ಟು, ಎಂದರೆ ಸುಮಾರು 10 ಗಂಟೆ! ದೊಡ್ಡ ಪಾತ್ರೆಯಿಂದ ಅಚ್ಚಿಗೆ ಇಳಿಯುವ ನಡುವೆ ‘ಟಂಡಿಷ್’ ಎಂಬ ತೊಟ್ಟಿಯಲ್ಲಿ ಉಕ್ಕು ತಂಗುವುದು ಕೆಲವೇ ನಿಮಿಷ.

ಆದಕಾರಣ ಉಪಾಯಗಳನ್ನು ಹೂಡಬೇಕಾಗಿದೆ. ಮೊದಲಿಗೆ ದೊಡ್ಡ ಪಾತ್ರೆಯ ತಳದಿಂದ ಆರ್ಗಾನ್ ಅನಿಲದ ಗುಳ್ಳೆಗಳನ್ನು ಬಿಡುತ್ತಾರೆ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಗುಳ್ಳೆಗಳಿಗೂ ಅಂಟಿ ಮೇಲೇರುತ್ತವೆ. ತೊಟ್ಟಿಯೊಳಗೆ ಅಡ್ಡಗೋಡೆಗಳನ್ನಿಟ್ಟು ಹರಿವನ್ನು ಮೇಲ್ಮುಖವಾಗಿ ತಿರುಗಿಸುತ್ತಾರೆ. ಮೇಲೆ ಹರಡಿದ ಕಿಟ್ಟದ ಪದರವು ಬಂದ ಕೊಳೆಯನ್ನು ಹೀರಿಕೊಳ್ಳುತ್ತದೆ. ಇಷ್ಟಾದರೂ ಅಳಿದುಳಿದ ಅಲ್ಯೂಮಿನ, ಅಚ್ಚಿಗೆ ಇಳಿಯುವ ನಳಿಕೆಯ ಒಳಗೋಡೆಗೆ ಮೆತ್ತಿಕೊಂಡು ದಾರಿಯನ್ನೇ ಕಟ್ಟುವುದುಂಟು. ಇದಕ್ಕೆ ಮದ್ದು ಕ್ಯಾಲ್ಸಿಯಂ. ಅದು ಸೇರಿದರೆ ಗಟ್ಟಿ ಕಣಗಳು ದ್ರವದ ಹನಿಗಳಾಗಿ ಮೆತ್ತಿಕೊಳ್ಳದೆ ಜಾರುತ್ತವೆ. ಆದರೆ ಈ ಲೋಹ ಉಕ್ಕಿನ ಶಾಖಕ್ಕೆ ಕುದಿದು ಆವಿಯಾಗಿಬಿಡುತ್ತದೆ. ಅದಕ್ಕಾಗಿಯೇ ಕವಚವಿರುವ ತಂತಿಯ ರೂಪದಲ್ಲಿ ದೊಡ್ಡ ಪಾತ್ರೆಯ ಆಳಕ್ಕೆ ವೇಗವಾಗಿ ತೂರಿಸುತ್ತಾರೆ. ಪ್ರಮಾಣ ಹೆಚ್ಚಿದರೂ ಕಷ್ಟವೇ: ಗಂಧಕದೊಡನೆ ಸೇರಿ ಅದು ಮತ್ತೆ ಗಟ್ಟಿ ಕಣವಾಗುತ್ತದೆ.

ಕಡೆಯ ಅವಕಾಶ ನೀರಿನಿಂದ ತಂಪಾಗುವ ತಾಮ್ರದ ಅಚ್ಚಿನಲ್ಲಿ. ಅಲ್ಲಿ ಉಕ್ಕಿನ ಮೇಲೆ ಉದುರಿಸಿದ ಪುಡಿ ಕರಗಿ, ತೇಲಿಬಂದ ಕಣಗಳನ್ನು ಹೀರುತ್ತದೆ. ಅಂಚು ಹೆಪ್ಪುಗಟ್ಟತೊಡಗಿದ ಮೇಲೆ ಅದರಲ್ಲಿ ಸಿಕ್ಕಿಬಿದ್ದ ಕಣವನ್ನು ಹೊರತೆಗೆಯುವ ಉಪಾಯವಿಲ್ಲ.