ಓದಿದ ಮಕ್ಕಳ ಲೆಕ್ಕ: ರಸ್ತೆ ಬದಿಯ ಹೊಲವನ್ನಷ್ಟೇ ತೂಗಿದರೆ ಸಾಕೆ?



ಬೆಳೆ ಕಟಾವು ಪ್ರಯೋಗವನ್ನು ತಾವು ನೋಡಿದ್ದೀರಿ. ಯಾವ ಸರ್ವೆ ನಂಬರಿನ ತೊಗರಿಯನ್ನು ಕೊಯ್ದು ತೂಗಬೇಕೆಂಬುದನ್ನು ಯಾರೂ ಕಣ್ಣಂದಾಜಿನಿಂದ ಆರಿಸುವಂತಿಲ್ಲ; ಚೀಟಿ ಎತ್ತಿದ ಹಾಗೆ ಗೊತ್ತುಮಾಡಲಾಗುತ್ತದೆ. ರಸ್ತೆ ಬದಿಯ ಒಳ್ಳೆಯ ಹೊಲವನ್ನಷ್ಟೇ ತೂಗಿದರೆ ಇಡೀ ಊರಿಗೆ ಭರ್ಜರಿ ಇಳುವರಿ ಬಂದಂತೆ ತೋರುತ್ತದೆ; ವಿಮೆಯ ಪರಿಹಾರ ಕೈತಪ್ಪುತ್ತದೆ.

ಇದೇ ತಪ್ಪು ಓದಿದ ಮಕ್ಕಳ ಲೆಕ್ಕದಲ್ಲಿಯೂ ಆಗುವ ಸಂಭವವಿದೆ. ಪದವೀಧರರು ಎಲ್ಲೆಲ್ಲಿ ಕೆಲಸಕ್ಕೆ ಸೇರಿದರೆಂದು ತಿಳಿಯಲು, ಲಿಂಕ್ಡ್‌ಇನ್‌ನಂತಹ ಜಾಲತಾಣಗಳಲ್ಲಿ ಅವರೇ ಬರೆದುಕೊಂಡ ವಿವರಗಳನ್ನು ಕೂಡಿಸುವ ಕ್ರಮ ಬಳಕೆಗೆ ಬಂದಿದೆ. ಪತ್ರ ಬರೆದು ಉತ್ತರಕ್ಕೆ ಕಾಯುವುದಕ್ಕಿಂತ ಇದು ಅಗ್ಗ. ಹತ್ತು ವರ್ಷಗಳ ಹಿಂದೆ ಓದಿದವರೂ ಸಿಗುತ್ತಾರೆ. ಆದರೆ ಅಲ್ಲಿ ಹೆಚ್ಚಾಗಿ ಹೆಸರು ಬರೆಸುವವರು ಬೆಂಗಳೂರು, ಹೈದರಾಬಾದುಗಳಲ್ಲಿ ಕಂಪನಿ ನೌಕರಿ ಹಿಡಿದವರು. ಪದವಿ ಮುಗಿಸಿ ನಿರ್ಣಾಕ್ಕೆ ಮರಳಿ ತೊಗರಿ, ಸೋಯಾ ಬಿತ್ತುವವನು ಬರೆಸುವುದು ಅಪರೂಪ. ಹಾಗಾದರೆ ತೂಗಿದ್ದು ರಸ್ತೆ ಬದಿಯ ಹೊಲವನ್ನೇ ಅಲ್ಲವೆ?

ಕೇಂದ್ರ ಶಿಕ್ಷಣ ಸಚಿವಾಲಯದ ಎನ್.ಐ.ಆರ್.ಎಫ್. ಶ್ರೇಯಾಂಕ ಪಟ್ಟಿ 2016ರಿಂದ ಪ್ರಕಟವಾಗುತ್ತಿದೆ. ಇಂಜಿನಿಯರಿಂಗ್ ಕಾಲೇಜುಗಳಿಗೆ ನೂರರಲ್ಲಿ 20 ಅಂಕ ಪದವಿಯ ಫಲಿತಾಂಶಕ್ಕೆ ಮೀಸಲು. ಅಂಕಿಗಳನ್ನು ಒದಗಿಸುವವರು ಕಾಲೇಜಿನವರೇ. ಆದರೂ ಒಂದು ಒಳ್ಳೆಯ ನಿಯಮವಿದೆ: ಅಲ್ಲಿ ಕೇಳುವುದು ಸರಾಸರಿ ಸಂಬಳವನ್ನಲ್ಲ, ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವವನ ಸಂಬಳವನ್ನು. ನಾಲ್ವರಿಗೆ ತಿಂಗಳಿಗೆ 15 ಸಾವಿರ, ಒಬ್ಬನಿಗೆ 1 ಲಕ್ಷ 40 ಸಾವಿರ ಬಂದರೆ ಸರಾಸರಿ 40 ಸಾವಿರವಾಗುತ್ತದೆ. ನಡುವಿನವನಿಗೆ ಸಿಗುವುದು 15 ಸಾವಿರವೇ. ಕೆಲಸವೇ ಸಿಗದವರು ಈ ಸಾಲಿನಲ್ಲಿ ನಿಲ್ಲುವುದೂ ಇಲ್ಲ.

ಕೆಲಸ ಸಿಗದವರ ಲೆಕ್ಕ ಬೇರೆ ಕಡೆ ಇದೆ. ರಾಜ್ಯದ ಯುವನಿಧಿ ಯೋಜನೆಗೆ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾಯಿತು. 2022-23ರಲ್ಲಿ ಪದವಿ ಮುಗಿಸಿ 180 ದಿನಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ ಗೊತ್ತುಮಾಡಲಾಯಿತು. ಇದು ಅರ್ಜಿ ಹಾಕಿದವರ ಪಟ್ಟಿ. ಹೊಲದಲ್ಲಿ ದುಡಿಯುವ ಪದವೀಧರನು ಎರಡು ಲೆಕ್ಕದಲ್ಲಿಯೂ ಸರಿಯಾಗಿ ಕಾಣುವುದಿಲ್ಲ.

ಆದುದರಿಂದ ಮಗನ ಅಥವಾ ಮಗಳ ಸೀಟಿಗಾಗಿ ಹೊಲ ಅಡವಿಡುವ ಮುನ್ನ ನಾಲ್ಕು ಮಾತು ಕೇಳಿರಿ. ಸೇರಿದವರೆಷ್ಟು? ವೇಳೆಗೆ ಸರಿಯಾಗಿ ಮುಗಿಸಿದವರೆಷ್ಟು? ಕೆಲಸ ಸಿಕ್ಕವರೆಷ್ಟು? ನಡುವಿನವನ ಸಂಬಳವೆಷ್ಟು? ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ಅಂಕಿಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಓದಬಲ್ಲ ಹುಡುಗರಿಂದ ತೆಗೆಸಿ ನೋಡಿರಿ. ನಮ್ಮ ಕಡೆಯಿಂದ ಹೋಗಿ ಅಲ್ಲಿ ಓದಿಬಂದವರನ್ನೂ ವಿಚಾರಿಸಿರಿ. ಬೀಜದ ಚೀಲದ ಮೇಲಿನ ಚಿತ್ರ ನೋಡಿ ತಾವು ಬಿತ್ತುವುದಿಲ್ಲ. ಮೊಳಕೆ ಪರೀಕ್ಷೆ ಮಾಡಿಯೇ ಬಿತ್ತುತ್ತೀರಿ.