ಶಾಮಿಯಾನ ನೀವೇ ಇಟ್ಟುಕೊಳ್ಳಿ, ಎಳ್ಳ ಅಮಾವಾಸ್ಯೆಗೆ ರಜೆ ಕೊಡಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿನ ಸಿಮೆಂಟ್ ಕಾರ್ಖಾನೆಗಳ ಮುಂದೆ ನಾವು ಒಂದು ಬೇಡಿಕೆ ಇಡುತ್ತಿದ್ದೇವೆ. ಎಳ್ಳ ಅಮಾವಾಸ್ಯೆಯ ದಿನ ಸಂಬಳ ಸಹಿತ ರಜೆ ಕೊಡಿ. ಆಫೀಸಿನವರಿಗೂ ಕೊಡಿ, ಪ್ಯಾಕಿಂಗ್, ಲೋಡಿಂಗ್, ಗಣಿ, ಸ್ವಚ್ಛತೆ ಕೆಲಸದ ಗುತ್ತಿಗೆ ಕಾರ್ಮಿಕರಿಗೂ ಕೊಡಿ. ಬೇಡಿಕೆ ಸಣ್ಣದು ಅನ್ನಿಸಬಹುದು. ಇಷ್ಟು ಸಣ್ಣದನ್ನೂ ಇಷ್ಟು ವರ್ಷ ಕೊಡಲಾಗಿಲ್ಲ ಎಂಬುದೇ ನಮ್ಮ ತಕರಾರು.

ಹೊರಗಿನ ಓದುಗರಿಗೆ ಎರಡು ಮಾತು. ಮಾರ್ಗಶಿರ ಮಾಸದ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ. ಜೋಳ ತೆನೆ ಹೊರುವ, ತೊಗರಿ ಕಾಯಿ ತುಂಬುವ, ಕಡಲೆ ಹಸಿರಾಗಿರುವ ಹೊತ್ತು. ತುಂಬು ಬಸುರಿಗೆ ಬಯಕೆ ಊಟ ಬಡಿಸಿದಂತೆ ಭೂತಾಯಿಗೆ ಬಡಿಸುವ ಹಬ್ಬ. ಹಿಂದಿನ ರಾತ್ರಿಯೇ ಮನೆಗಳಲ್ಲಿ ಒಲೆ ಹೊತ್ತುತ್ತದೆ. ಹಸಿ ತೊಗರಿಕಾಳು, ಕಡಲೆ, ಮೆಂತ್ಯ, ಬದನೆ, ಗಜ್ಜರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ಕಡಬು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂಡಿ, ಟಂಟಂ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಆಮೇಲೆ ಊಟ. ಆ ಊಟಕ್ಕೆ ಮನೆಯವರಷ್ಟೇ ಕೂಡುವುದಿಲ್ಲ. ಪಕ್ಕದ ಮನೆಯವರು, ಊರು ಬಿಟ್ಟು ಪಟ್ಟಣ ಸೇರಿದ ಬೀಗರು, ಹೊಲ ಇಲ್ಲದ ಗೆಳೆಯರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲರನ್ನೂ ಕೂಗಿ ಕರೆಯುತ್ತಾರೆ. ಅಂದು ಮಧ್ಯಾಹ್ನ ಕಲಬುರಗಿ ನಗರದ ಬೀದಿಗಳೇ ಯಾರೋ ಬಂದ್ ಕರೆದಂತೆ ಖಾಲಿ ಹೊಡೆಯುತ್ತವೆ. ಹಳ್ಳಿ ಶಾಲೆಯಲ್ಲಿ ಅಂದು ಹಾಜರಿ ಕರೆಯಲು ಕುಳಿತ ಮಾಸ್ತರರನ್ನು ಕೇಳಿ, ಎಷ್ಟು ಮಕ್ಕಳು ಬಂದಿದ್ದರೆಂದು ಹೇಳುತ್ತಾರೆ.

ಇಡೀ ಸೀಮೆ ಹೊಲದಲ್ಲಿರುವ ಈ ದಿನ ಮೂರು ಪಾಳಿಯೂ ಎಂದಿನಂತೆ ನಡೆಯುವ ಜಾಗ ಒಂದೇ: ಕಾರ್ಖಾನೆಯ ಗೇಟಿನ ಒಳಗೆ. ಅಲ್ಲಿ ಚೀಲ ಹೊರುತ್ತಿರುವವನು ಯಾರು? ನಿನ್ನೆ ಮೊನ್ನೆಯವರೆಗೆ ಅದೇ ನೆಲದಲ್ಲಿ ಚರಗ ಚೆಲ್ಲಿದ ಮನೆಯವನು. ಅಪ್ಪನ ಕಾಲದಲ್ಲಿ ಆ ಮನೆ ಹೊಲ ಕೊಟ್ಟಿತು, ಮಗನ ಕಾಲದಲ್ಲಿ ಕೈ ಕೊಟ್ಟಿತು. ಈಗ ವರ್ಷಕ್ಕೊಂದು ದಿನ ವಾಪಸ್ ಕೇಳಿದರೆ, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ ಎಂಬ ಉತ್ತರ ಬರುತ್ತದೆ.

ಕಾನೂನು ಇದಕ್ಕೆ ಅಡ್ಡ ಇದೆಯೇ? ಇಲ್ಲ. ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ 1963ರಿಂದಲೂ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ಸಂಬಳ ಸಹಿತ ರಜೆ. ಇವುಗಳ ಮೇಲೆ ಹಬ್ಬದ ರಜೆ ಇನ್ನೂ ಐದು. ಆ ಐದು ಯಾವುವು ಎಂಬುದು ಆಡಳಿತ ಮಂಡಳಿ ಮತ್ತು ಕಾರ್ಮಿಕರು ಕುಳಿತು ತೀರ್ಮಾನಿಸಬೇಕಾದ ವಿಷಯ. ಅಂದರೆ ಹೊಸ ಕಾನೂನು ಬೇಡ, ವಿಧಾನಸೌಧದ ಮೆಟ್ಟಿಲು ಹತ್ತಬೇಕಿಲ್ಲ. ರಜೆಯ ಪಟ್ಟಿ ಮಾಡುವ ಮೇಜಿನ ಮುಂದೆ ಕುಳಿತು ಒಂದು ಸಾಲು ಬರೆದರೆ ಸಾಕು. ಆ ಮೇಜಿನ ಮುಂದೆ ನಮ್ಮ ಸೀಮೆಯ ಪಂಚಾಂಗ ಗೊತ್ತಿರುವವರು ಕೂಡುತ್ತಾರೆಯೇ ಎಂಬುದೇ ಪ್ರಶ್ನೆ.

ಇದಕ್ಕೆ ಬರುವ ಉತ್ತರಗಳು ನಮಗೆ ಬಾಯಿಪಾಠ. ಒಂದೊಂದಾಗಿ ನೋಡೋಣ.

ಮೊದಲನೆಯದು, ಕಿಲ್ನ್ ನಿಲ್ಲಿಸಲಾಗದು. ಒಪ್ಪುತ್ತೇವೆ. ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಣ್ಣದಕಲ್ಲು ಬೇಯಿಸುವ ಆ ಕುಲುಮೆಯನ್ನು ಮನೆಯ ಒಲೆಯಂತೆ ಆರಿಸಿ ಹೊತ್ತಿಸಲಾಗದು. ನಿಲ್ಲಿಸಿ ಎಂದು ನಾವು ಕೇಳುತ್ತಲೂ ಇಲ್ಲ. ದೀಪಾವಳಿಗೂ ಕಿಲ್ನ್ ತಿರುಗುತ್ತದೆ, ಆದರೂ ದೀಪಾವಳಿ ರಜೆಯ ಪಟ್ಟಿಯಲ್ಲಿ ಇರುತ್ತದಲ್ಲ? ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಸಂಬಳ ಸಹಿತ ಬದಲಿ ರಜೆ ಎಂದು ಅದೇ ಕಾಯ್ದೆ ಹೇಳುತ್ತದೆ. ಕಿಲ್ನ್ ಕಾಯುವವರಿಗೆ ಅದನ್ನು ಕೊಡಿ. ಚೀಲ ತುಂಬುವುದು, ಲಾರಿಗೆ ಹೇರುವುದು, ಹುಲ್ಲು ಕೀಳುವುದು ಒಂದು ದಿನ ನಿಂತರೆ ಯಾವ ಕುಲುಮೆಯೂ ಆರುವುದಿಲ್ಲ.

ಎರಡನೆಯದು, ಈ ಹಬ್ಬದ ತಾರೀಖು ವರ್ಷಕ್ಕೊಂದು. ಹೌದು, 2024ರಲ್ಲಿ ಜನವರಿ 11ಕ್ಕೆ ಬಂದಿತ್ತು, ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೆ. ಯುಗಾದಿ, ಗಣೇಶ ಚೌತಿ, ರಂಜಾನ್ ಯಾವುದಕ್ಕೆ ಕಾಯಂ ತಾರೀಖಿದೆ? ಹತ್ತು ರೂಪಾಯಿಯ ಕ್ಯಾಲೆಂಡರ್‌ನಲ್ಲಿ ಸಿಗುವ ಮಾಹಿತಿ ಇಷ್ಟು ದೊಡ್ಡ ಆಫೀಸಿಗೆ ಸಿಗದೇ?

ಮೂರನೆಯದು, ಅದು ರೈತರ ಹಬ್ಬ, ನಿಮ್ಮವರು ಈಗ ಕಾರ್ಮಿಕರು. ಈ ಮಾತು ನಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಹೊಲ ಹೋದವನಿಗೆ ಹೊಲದ ಹಬ್ಬ ಯಾಕೆ ಎಂದು ಕೇಳುವುದು, ತಾಯಿ ತೀರಿಹೋದ ಮೇಲೆ ತವರಿನ ನೆನಪು ಯಾಕೆ ಎಂದು ಕೇಳಿದ ಹಾಗೆ. ಹೊಲ ಇಲ್ಲದವನು ಕಾಕಾನ ಹೊಲಕ್ಕೆ ಹೋಗುತ್ತಾನೆ, ಗೆಳೆಯನ ಹೊಲಕ್ಕೆ ಹೋಗುತ್ತಾನೆ. ಹೋಗಲು ಅವನಿಗೆ ಬೇಕಾದದ್ದು ಒಂದು ದಿನದ ಬಿಡುವು.

ನೆನಪಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ನಮ್ಮ ಭಾಗದಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿದ ಮನೆಗಳು ಬಹಳ. ಎಳ್ಳ ಅಮಾವಾಸ್ಯೆಯಂದು ಪಾಂಡವರ ಕಲ್ಲಿಗೆ ಎಡೆ ಹಿಡಿದವರು ಅಜ್ಜನ ಸಮಾಧಿಗೂ ಎಡೆ ಹಿಡಿಯುತ್ತಾರೆ. ಮೊಮ್ಮಕ್ಕಳಿಗೆ ಮುತ್ತಜ್ಜನ ಹೆಸರು ಗೊತ್ತಾಗುವುದು ಅಲ್ಲಿ, ಬುತ್ತಿ ಬಿಚ್ಚಿದ ಮೇಲೆ. ಹೊಲ ಗಣಿಯಾದ ಮೇಲೆ ಆ ಸಮಾಧಿ ತಂತಿ ಬೇಲಿಯ ಒಳಗೆ ಉಳಿಯಿತು, ಇಲ್ಲವೇ ಕಲ್ಲಿನ ಜೊತೆ ಹೋಯಿತು. ಹೊಲಕ್ಕೆ ಬೆಲೆ ಕಟ್ಟುವಾಗ ಎಕರೆಗೆ ಇಷ್ಟು, ಬಾವಿಗೆ ಇಷ್ಟು, ಗಿಡಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರು. ಎಡೆ ಹಿಡಿಯುವ ಜಾಗಕ್ಕೆ ಯಾರು ಲೆಕ್ಕ ಹಾಕಿದರು?

ಸರಕಾರದ ನೆನಪಿಗೂ ನಮ್ಮ ಸೀಮೆಯಲ್ಲಿ ಒಂದು ದಿನವಿದೆ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡಿತು. ಆ ದಿನ ಬಾವುಟ ಏರಿಸಿ ಭಾಷಣ ಮಾಡುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು, ದಿನದ ಹೆಸರೂ ಕಲ್ಯಾಣ ಕರ್ನಾಟಕ ಉತ್ಸವ ಎಂದಾಯಿತು. ಆಗಲಿ, ಅದೂ ಬೇಕು. ಆದರೆ ಆ ನೆನಪಿಗೆ ವೇದಿಕೆ ಬೇಕು, ಮೈಕ್ ಬೇಕು, ಮಂತ್ರಿ ಬರಬೇಕು. ಜನ ಕುರ್ಚಿಯಲ್ಲಿ ಕುಳಿತು ಕೇಳಬೇಕು. ಎಳ್ಳ ಅಮಾವಾಸ್ಯೆಗೆ ಆಹ್ವಾನ ಪತ್ರಿಕೆ ಇಲ್ಲ, ಅಧ್ಯಕ್ಷತೆ ಇಲ್ಲ, ವಂದನಾರ್ಪಣೆ ಇಲ್ಲ. ಅದನ್ನು ಯಾರೂ ಉದ್ಘಾಟಿಸಬೇಕಿಲ್ಲ. ಬಹುಶಃ ಅದಕ್ಕೇ ಯಾರ ಲೆಕ್ಕಕ್ಕೂ ಬಂದಿಲ್ಲ.

ಕಾರ್ಖಾನೆಗಳು ಹಬ್ಬ ಮಾಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಕಾಲೊನಿಗಳಲ್ಲಿ ಗಣಪತಿ ಕೂಡುತ್ತಾನೆ, ಹೊಸ ವರ್ಷಕ್ಕೆ ಹಾಡು ಕುಣಿತ ಇರುತ್ತದೆ, ಶಾಮಿಯಾನ, ಸೀರಿಯಲ್ ಲೈಟು ಎಲ್ಲ ಇರುತ್ತದೆ. ಸಿಎಸ್‌ಆರ್ ಹಣದಲ್ಲಿ ಹಳ್ಳಿಗೂ ಒಂದು ಕಾರ್ಯಕ್ರಮ, ಒಂದು ಬ್ಯಾನರ್, ಒಂದು ಫೋಟೊ. ಇದನ್ನೆಲ್ಲ ಕೊಡುವುದು ಸುಲಭ, ಏಕೆಂದರೆ ಕೊಟ್ಟವರ ಹೆಸರು ಬ್ಯಾನರ್ ಮೇಲೆ ಇರುತ್ತದೆ. ರಜೆಗೆ ಬ್ಯಾನರ್ ಕಟ್ಟಲಾಗದು.

ಬ್ಯಾನರಿನ ಹಬ್ಬಕ್ಕೆ ಆಯುಷ್ಯ ಎಷ್ಟು ಎಂಬುದನ್ನು ಕುರಕುಂಟಾ ನೋಡಿ ಕಲಿಯಬಹುದು. ಭಾರತೀಯ ಸಿಮೆಂಟ್ ನಿಗಮ, ನಮ್ಮವರ ಬಾಯಲ್ಲಿ ಸಿಸಿಐ, 1970ರ ದಶಕದ ಆರಂಭದಲ್ಲಿ ಇಲ್ಲಿ ಕಾರ್ಖಾನೆ ಹಾಕಿತು. ಕೇಂದ್ರ ಸರಕಾರದ ಕಂಪನಿ, ಕಾಯಂ ನೌಕರಿ. 1998ರಲ್ಲಿ ಅದರ ಉತ್ಪಾದನೆ ನಿಂತಿತು. ಕಾರ್ಖಾನೆ ನಿಂತರೆ ಕಾಲೊನಿ ಖಾಲಿಯಾಗುತ್ತದೆ, ಕಾಲೊನಿ ಖಾಲಿಯಾದರೆ ಅದರ ಕಾರ್ಯಕ್ರಮವೂ ಮುಗಿಯುತ್ತದೆ. ಊರಿನವರು ಮಾತ್ರ ಮರುವರ್ಷವೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಕಂಪನಿ ಬರುವ ಮೊದಲೂ ಹೋಗುತ್ತಿದ್ದರು, ಹೋದ ಮೇಲೂ ಹೋಗುತ್ತಿದ್ದಾರೆ. ಸುಣ್ಣದಕಲ್ಲು ಇರುವವರೆಗೆ ಇರುವವರು, ಕಲ್ಲು ಮುಗಿದ ಮೇಲೂ ಇಲ್ಲೇ ಇರುವವರ ಪಂಚಾಂಗ ನೋಡಿ ರಜೆ ಕೊಡುವುದು ನ್ಯಾಯ.

ಹಾಗೆಂದು ಹೊಲದ ಊಟವನ್ನು ನಾವು ಸ್ವರ್ಗ ಮಾಡುತ್ತಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಂಡರು ಎಂಬುದು ಪತ್ರಿಕೆಗಳ ಪ್ರತಿ ವರ್ಷದ ವಾಕ್ಯ. ಯಾರು ಗಿಡದ ನೆರಳಲ್ಲಿ ಕೂಡುತ್ತಾರೆ, ಯಾರಿಗೆ ಬದುವಿನಾಚೆ ಬಡಿಸುತ್ತಾರೆ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಆ ಹೊಲವನ್ನು ಬಿತ್ತಿ, ಕಳೆ ಕಿತ್ತು, ಕೊಯ್ಯುವ ಕೈಗಳಿಗೆ ಹೊಲವೇ ಇಲ್ಲದಿರುವುದೂ ಗೊತ್ತು. ರಜೆ ಕೊಟ್ಟ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ, ಅದರ ಜಗಳ ಊರೊಳಗೆ ನಾವೇ ಆಡಬೇಕಾದದ್ದು. ಆದರೆ ಭೂಮಿ ಇಲ್ಲದವನಿಗೂ ಹಕ್ಕಿನಿಂದ ಸಿಗಬಹುದಾದದ್ದು ಒಂದಿದೆ, ಕೂಲಿ ಕಳೆದುಕೊಳ್ಳದ ಒಂದು ದಿನ. ಹೊಲದ ಧಣಿ ಯಾರ ಪರವಾನಗಿಯೂ ಇಲ್ಲದೆ ಹಬ್ಬ ಮಾಡುತ್ತಾನೆ. ರಜೆ ಹೆಚ್ಚು ಬೇಕಿರುವುದು ಗುತ್ತಿಗೆ ಕಾರ್ಮಿಕನಿಗೇ.

ಬಿಹಾರ, ಒಡಿಶಾದಿಂದ ಬಂದು ಇಲ್ಲಿ ಬಾಡಿಗೆ ಖೋಲಿಗಳಲ್ಲಿರುವ ಹುಡುಗರನ್ನೂ ಮರೆಯಬಾರದು. ಅವರಿಗೂ ಆ ದಿನ ಬಿಡುವು ಸಿಕ್ಕರೆ ಯಾವುದೋ ಹೊಲದಲ್ಲಿ ಯಾರೋ ತಾಯಿ ಭಜ್ಜಿ ಬಡಿಸುತ್ತಾಳೆ. ವರ್ಷವಿಡೀ ಒಂದೇ ಓಣಿಯಲ್ಲಿದ್ದು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು ಹೀಗೆ ನೆರೆಯವರಾಗುತ್ತಾರೆ. ಕಾಲೊನಿಯ ಇಂಜಿನಿಯರ್ ಕುಟುಂಬಗಳೂ ಬರಲಿ, ಯಾರೂ ಗೇಟ್ ಪಾಸ್ ಕೇಳುವುದಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಕಾರ್ಮಿಕ ಸಂಘಗಳು ಮುಂದಿನ ವರ್ಷದ ರಜಾ ಪಟ್ಟಿಯ ಮಾತುಕತೆಯಲ್ಲಿ ಐದು ಹಬ್ಬಗಳ ಪೈಕಿ ಒಂದು ಎಳ್ಳ ಅಮಾವಾಸ್ಯೆ ಎಂದು ಹಟ ಹಿಡಿಯಬೇಕು. ಗುತ್ತಿಗೆದಾರರ ಒಪ್ಪಂದದಲ್ಲೂ ಆ ರಜೆ ಬರೆಸಬೇಕು. ಗಣಿ ಬೇಲಿಯ ಒಳಗೆ ಸಮಾಧಿ, ಪಾಂಡವರ ಕಲ್ಲು ಉಳಿದಿದ್ದರೆ ಆ ಮನೆಯವರನ್ನು ಅಂದು ಅರ್ಜಿ ಬರೆಸದೆ ಒಳಗೆ ಬಿಡಬೇಕು. ಇನ್ನು ಮುಂದೆ ಹೊಲ ಕೊಳ್ಳುವಾಗ ಅಂಥ ಜಾಗವನ್ನು, ಅಲ್ಲಿಗೆ ಹೋಗುವ ಬಂಡಿದಾರಿಯನ್ನು ಕರಾರಿನಲ್ಲೇ ಬಿಡಿಸಿ ಬರೆಯಬೇಕು. ಹೊಲ ಮಾರುವ ಮನೆಯವರಿಗೆ ಇದನ್ನು ಹೇಳುವ ಕೆಲಸ ಗ್ರಾಮ ಪಂಚಾಯತಿಗಳದ್ದು.

ಮುಂದಿನ ಎಳ್ಳ ಅಮಾವಾಸ್ಯೆಗೆ ಪತ್ರಿಕೆಗಳು ಎಂದಿನ ಚರಗದ ಫೋಟೊ ಹಾಕಲಿ. ಅದರ ಪಕ್ಕದಲ್ಲಿ, ಆ ದಿನ ಯಾವ ಕಾರ್ಖಾನೆಯಲ್ಲಿ ಎಷ್ಟು ಮಂದಿ ಎಷ್ಟು ಕೂಲಿಗೆ ಪಾಳಿಯಲ್ಲಿದ್ದರು ಎಂಬ ಲೆಕ್ಕವನ್ನು ನಾವು ಹಾಕುತ್ತೇವೆ. ನಿಮ್ಮ ಮನೆಯಲ್ಲಿ ಅಂದು ಯಾರು ಹೊಲಕ್ಕೆ ಬರಲಾಗಲಿಲ್ಲ ಎಂದು ಬರೆದು ಕಳಿಸಿ.